ಹೆಸರಿಲ್ಲದ ಪ್ರಾಣಿಯ ಮೇಲೆ ಬಂದ ಅಪವಾದ

ಎರಡು ವರ್ಷದ ಹಿಂದೆ ಒಬ್ಬ ಮನುಷ್ಯನ ಕಾಲು ಮುರಿದ ಅಪವಾದ ನಾನು ಬರೆದ ಒಂದು ಪ್ರಾಣಿಯ ಮೇಲೆ ಬಂತು. ಆ ಪ್ರಾಣಿ ಈ ಲೋಕದಲ್ಲಿ ಎಲ್ಲೂ ಇಲ್ಲ. ಇಲ್ಲದ ಪ್ರಾಣಿ ಇದ್ದ ಮನುಷ್ಯನ ಕಾಲನ್ನು ಹೇಗೆ ಮುರಿಯಿತು ಎಂದು ಕೇಳಿದ್ದಕ್ಕೆ, ನನಗೆ ಬಾಯಿ ಜಾಸ್ತಿ ಎಂಬ ಹೆಸರೂ ಬಂತು. ಇರಲಿ, ಬಾಯಿ ಜಾಸ್ತಿಯೇ ಇರಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಅಪ್ಪಯ್ಯ ಮರವಂತೆಯಲ್ಲಿ ದೋಣಿಗಳಿಗೆ ಬಣ್ಣ ಹೊಡೆಯುತ್ತಿದ್ದವರು. ಮನೆಯಲ್ಲಿ ಉಳಿದವರೆಲ್ಲ ಮೀನಿಗೆ ಹೋಗುವವರು. ಅಪ್ಪಯ್ಯನಿಗೆ ಮಾತ್ರ ಕಡಲಿಗಿಳಿದರೆ ಸಾಕು, ತಲೆ ತಿರುಗಿ ವಾಂತಿ. ಹಾಗಾಗಿ ಅವರು ದಡದಲ್ಲೇ ಉಳಿದು, ಕಡಲಿಗೆ ಹೋಗುವ ದೋಣಿಗಳ ಮೈ ನೋಡಿಕೊಂಡರು. ಹಳೆಯ ಬಣ್ಣ ಕೆರೆದು, ಬಿರುಕಿಗೆ ಮೆತ್ತಿ, ಹೊಸ ಬಣ್ಣ ಕೊಟ್ಟು, ಕೊನೆಗೆ ಮುಂಬದಿಯಲ್ಲಿ ದೋಣಿಯ ಹೆಸರು ಬರೆಯುವುದು ಅವರ ಕೆಲಸ. ಹೆಸರಿನ ಅಕ್ಕಪಕ್ಕ ಹೂ, ಬಳ್ಳಿ, ಏನಾದರೂ ಒಂದು. ನನಗೆ ಹತ್ತು ವರ್ಷವಾಗುವಾಗ ಅವರ ಬಲಗೈ ನಡುಗಲು ಶುರುವಾಗಿತ್ತು. ಅಕ್ಷರ ಹೇಗೋ ಬರೆಯುತ್ತಿದ್ದರು, ಬಳ್ಳಿ ಬರುತ್ತಿರಲಿಲ್ಲ. ಬ್ರಷ್ ನನ್ನ ಕೈಗೆ ಬಂದದ್ದು ಹಾಗೆ.

ಮೊದಲ ದಿನ ನಾನು ಕೇಳಿದೆ, "ಅಪ್ಪಯ್ಯ, ಒಂದ್ ಬಂಗುಡೆ ಬರೂದಾ?"

"ಬಂಗುಡೆ ಬ್ಯಾಡ ಮಗಾ. ಬಂಗುಡೆ ಬರ್ದ್ರೆ ಬಲೆಗೆ ಬಂಗುಡೆ ಒಂದೇ ಬಪ್ಪುದ್. ಅಂಜಲ್ ಮೀನಿಗೆ ಸಿಟ್ಟ್ ಬತ್ತ್."

"ಹಾಂಗಾರೆ ಎಂತ ಬರೂದ್?"

"ಯಾರಿಗೂ ಗೊತ್ತಿಲ್ದದ್ದ್ ಬರಿ. ಆಗ ಕಡಲಂಗೆ ಇಪ್ಪುದೆಲ್ಲ, ಇದೆಂತ ಅಂತ ಕಾಂಬುಕೆ ಬತ್ತ್."

ಅದು ತಮಾಷೆಯೋ ನಂಬಿಕೆಯೋ ನನಗೆ ಈಗಲೂ ಗೊತ್ತಿಲ್ಲ. ನಾನು ಮಾತ್ರ ಪೂರ್ತಿ ನಂಬಿದೆ. ಅವತ್ತು ನಾನು ಬರೆದ ಪ್ರಾಣಿಗೆ ಬಾತುಕೋಳಿಯ ಕೊಕ್ಕು, ಹಲಸಿನ ಹಣ್ಣಿನ ಮೈ, ಬಾಲದ ಜಾಗದಲ್ಲಿ ಒಂದು ಕೇದಗೆ. ಅಪ್ಪಯ್ಯ ನಗಲಿಲ್ಲ. ಸುತ್ತ ಒಂದು ಸಲ ನಡೆದು ನೋಡಿ, ಪ್ರಾಣಿಯ ಕಣ್ಣನ್ನು ಒರೆಸಿ ಇನ್ನೊಮ್ಮೆ ಬರೆಯಲು ಹೇಳಿದರು. "ಮೈ ಹ್ಯಾಂಗೂ ಇರ್ಲಿ. ಕಣ್ಣ್ ಕಂಡ್ರೆ, ಅದ್ಕೆ ಹೋಪ್ ದಾರಿ ಗೊತ್ತಿತ್ತ್ ಅಂತ ಕಾಣ್ಕ್." ಮೂರು ಸಲ ಒರೆಸಿ ನಾಲ್ಕನೆಯ ಸಲ ಬರೆದದ್ದು ಅವರಿಗೆ ಒಪ್ಪಿಗೆಯಾಯಿತು. ಗಿಡಬಳ್ಳಿಗೂ ಅವರದೊಂದು ಕಟ್ಟಳೆ ಇತ್ತು. ದೋಣಿಯ ಮೇಲಿನ ಬಳ್ಳಿಗೆ ಬೇರು ಬರೆಯಬಾರದು, ಬೇರು ಬಿಟ್ಟರೆ ದೋಣಿ ದಡ ಬಿಟ್ಟು ಏಳುವುದಿಲ್ಲ ಎಂದು.

ಅಪ್ಪಯ್ಯ ಹೋಗಿ ಇಪ್ಪತ್ತೆರಡು ವರ್ಷವಾಯಿತು. ನಾನು ಇದನ್ನೇ ಕಸುಬು ಮಾಡಿಕೊಂಡೆ. ಚೀಲದಲ್ಲಿ ಬ್ರಷ್ಷು, ಡಬ್ಬಿ ಹಾಕಿಕೊಂಡು ಬಸ್ಸು ಹತ್ತಿದರೆ ಬಡಗು ದಿಕ್ಕಿಗೆ ಬೈಂದೂರಿನ ಮನೆಗಳು, ತೆಂಕು ದಿಕ್ಕಿಗೆ ಬ್ರಹ್ಮಾವರದ ಅಂಗನವಾಡಿ. ಗೇಟು, ಪಾಗಾರದ ಗೋಡೆ, ದೇವರಕೋಣೆಯ ಬಾಗಿಲು, ಮದುವೆಮನೆಯ ಗೋಡೆ. ಆನೆ ಬರೆಯಿರಿ, ನವಿಲು ಬರೆಯಿರಿ ಎಂದವರಿಗೆ ಆನೆ ನವಿಲು ಬರೆದು ಕೊಟ್ಟೆ. ಏನಾದರೂ ಬರೆಯಿರಿ ಎಂದವರ ಮನೆಯಲ್ಲಿ ನನ್ನ ಪ್ರಾಣಿಗಳು ಕೂತವು. ಆಮೇಲೆ ಫ್ಲೆಕ್ಸು ಬಂತು, ಸ್ಟಿಕ್ಕರ್ ಬಂತು. ದೋಣಿಗಳು ಕಡಿಮೆಯಾದವು. ಆದರೂ ವರ್ಷಕ್ಕೆ ಎರಡೋ ಮೂರೋ ದೋಣಿ ನನ್ನ ಕೈಗೇ ಬರುತ್ತಿದ್ದವು.

ಅಪವಾದ ಬಂದ ಆ ವರ್ಷ ಕೈಗೆ ಬಂದದ್ದು ನಮ್ಮ ಕೇರಿಯವರೇ ಒಬ್ಬರ ಹೊಸ ನಾಡದೋಣಿ. ಯಜಮಾನರು ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅಣ್ಣ ಎನ್ನುವುದು, ಅವರು ತಂಗಿ ಎನ್ನುವುದು. ಏಳು ಜನ ಹೋಗುವ ಫೈಬರ್ ದೋಣಿ, ಎರಡು ಎಂಜಿನ್ನು. ಅವರೇ ಮನೆಗೆ ಬಂದು ಹೇಳಿದ್ದರು.

"ತಂಗಿ, ಸ್ಟಿಕ್ಕರ್ ಗಿಕ್ಕರ್ ನಂಗ್ ಬ್ಯಾಡ. ಊರಂಗೆ ಯಾರೂ ಕಾಣ್ದಿದ್ದದ್ದ್ ಒಂದ್ ಬರ್ದ್ ಕೊಡ್."

ಎಂಟು ದಿನ ಬರೆದೆ. ನವಿಲಿನ ಕುತ್ತಿಗೆ, ಆದರೆ ಗರಿಯ ಬದಲು ಬಂಗುಡೆಯ ಬೆನ್ನಿನ ಮೇಲಿರುವಂಥ ಹಸುರು ಪಟ್ಟೆ. ಏಡಿಯ ಹಾಗೆ ಮಡಚಿದ ಆರು ಕಾಲು. ನೆತ್ತಿಯ ಮೇಲೆ ಆಗಷ್ಟೇ ಬಿಚ್ಚಿದ ತೆಂಗಿನ ಹೊಂಬಾಳೆ. ಅದರ ಹಿಂದಿನಿಂದ ಹೊರಟು ದೋಣಿಯ ಎರಡೂ ಬದಿಗೆ ಹರಿದು ಹೋಗುವ ಒಂದು ಬಳ್ಳಿ. ಎಲೆಗಳು ಮಾಂಜಿ ಮೀನಿನ ಆಕಾರ, ಹೂವು ಶಂಖದ ಬಾಯಿಯಿಂದ ಅರಳಿ ಹೊರಬಂದದ್ದು. ಫೈಬರಿನ ಮೇಲೆ ಬಣ್ಣ ನಿಲ್ಲುವುದು ಕಷ್ಟ. ಉಜ್ಜಬೇಕು, ಪ್ರೈಮರ್ ಕೊಡಬೇಕು, ಮಳೆ ಬರುವ ಮೊದಲು ಒಣಗಬೇಕು. ಬೆನ್ನು ಬಿದ್ದು ಹೋಯಿತು. ಆದರೆ ಆ ಕಣ್ಣು ಒಂದೇ ಏಟಿಗೆ ಬಂತು. ಅಪ್ಪಯ್ಯ ಇದ್ದಿದ್ದರೆ ಒರೆಸು ಎನ್ನುತ್ತಿರಲಿಲ್ಲ.

ಎಲ್ಲರಿಗೂ ಸಂತೋಷ. ಯಜಮಾನರು ಅದರ ಪಕ್ಕ ನಿಂತು ಫೋಟೊ ತೆಗೆಸಿ ಮೊಬೈಲಿನ ಸ್ಟೇಟಸ್‌ಗೆ ಹಾಕಿದರು. ದುಬೈಯಲ್ಲಿದ್ದ ಅವರ ತಮ್ಮ ಫೋನು ಮಾಡಿ, ಯಾರು ಬರೆದದ್ದು ಎಂದು ಕೇಳಿದನಂತೆ. ಅದನ್ನು ಅವರೇ ಬಂದು ನನಗೆ ಹೇಳಿದರು. ಈ ಮಾತನ್ನು ಇಲ್ಲಿ ಯಾಕೆ ಹೇಳುತ್ತೇನೆಂದರೆ, ಮೂರು ತಿಂಗಳ ಮೇಲೆ ಅದೇ ಬಾಯಲ್ಲಿ ಬೇರೆ ಮಾತು ಬಂತು.

ನಮ್ಮ ಕಡೆ ಕಡಲು ದಡವನ್ನು ತಿನ್ನುವುದು ಹೊಸತಲ್ಲ. ಪ್ರತಿ ಮಳೆಗಾಲ ಒಂದಿಷ್ಟು ತೆಂಗು, ಒಂದಿಷ್ಟು ರಸ್ತೆ ಹೋಗುತ್ತದೆ. ಅದನ್ನು ತಡೆಯಲು ಲಾರಿಗಟ್ಟಲೆ ಕಲ್ಲು ತಂದು ಸುರಿದು ಗೋಡೆ ಮಾಡುತ್ತಾರೆ. ಆ ವರ್ಷ ಕಲ್ಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಆಷಾಢದ ದೊಡ್ಡ ಅಲೆಗೆ ಗೋಡೆಯ ತುದಿಯಿಂದ ಒಂದು ಬಂಡೆ ಉರುಳಿ, ದೋಣಿ ಒಳಗೆ ಬರುವ ದಾರಿಯಲ್ಲೇ ಹೋಗಿ ಕೂತಿತು. ನೀರು ಇಳಿದಾಗ ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತಿತ್ತು. ನೀರು ಏರಿದಾಗ ಒಂದು ಮೊಳ ಅಡಿಗೆ ಹೋಗಿ ಏನೂ ಕಾಣದು. ಕಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಎತ್ತಿಸಿ ಎಂದು ಹೇಳಿದ್ದೂ ಆಗಿತ್ತು. ಯಾರೂ ಎತ್ತಿರಲಿಲ್ಲ.

ಚೌತಿ ಕಳೆದ ವಾರ, ಬೆಳಿಗ್ಗೆ ಒಂಬತ್ತರ ಹೊತ್ತು. ನಾನು ದಡದ ಐಸಿನ ಶೆಡ್ಡಿನ ಎದುರು ಒಂದು ಬೋರ್ಡು ಬರೆಯುತ್ತಿದ್ದೆ. ದೋಣಿ ಬರುತ್ತಿದೆ ಎಂದು ಯಾರೋ ಹೇಳಿದರು. ತಲೆ ಎತ್ತಿ ನೋಡಿದೆ. ಮೀನು ತುಂಬಿ ದೋಣಿ ತಗ್ಗಿತ್ತು. ಅಲೆ ಒಂದು ಸಲ ಅದನ್ನು ಎತ್ತಿತು, ಇಳಿಸಿತು. ಆಮೇಲೆ ಕೇಳಿದ ಸದ್ದನ್ನು ನಾನು ಮರೆಯುವುದಿಲ್ಲ. ತೆಂಗಿನಕಾಯಿ ಒಡೆದ ಹಾಗೆ, ಆದರೆ ದೊಡ್ಡದು. ದೋಣಿ ಬದಿಗೆ ಮಗುಚಿತು. ಏಳು ತಲೆ ನೀರಿನಲ್ಲಿ ಕಂಡವು. ಆರು ಜನ ಈಜಿ ಬಂದರು. ಏಳನೆಯವನು ದೋಣಿಯಿಂದ ಮೊದಲು ಹಾರಿ ಹಗ್ಗ ಎಳೆಯುವವನು, ಎಲ್ಲರಿಗಿಂತ ಗಟ್ಟಿ ಆಳು. ಅವನ ಕಾಲು ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿತ್ತು. ದಡ ಸೇರಿದ್ದ ಯಜಮಾನರೇ ಮತ್ತೆ ನೀರಿಗೆ ಹಾರಿ ಈಜಿ ಹೋಗಿ ಅವನನ್ನು ಬಿಡಿಸಿ ಹೊತ್ತು ತಂದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಲ್ಲ ಎನ್ನುವುದಿಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಜೀವ ಉಳಿಯಿತಲ್ಲ ಎಂದು ಊರು ಸಮಾಧಾನಪಟ್ಟಿತು.

ಎರಡು ವಾರದ ಮೇಲೆ ಯಜಮಾನರು ಕೇರಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಚಾ ಇಟ್ಟೆ. ಮೂವರೂ ಚಾ ಮುಟ್ಟಲಿಲ್ಲ. ಹಿರಿಯರಲ್ಲಿ ಒಬ್ಬರು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು. ಒಳನಾಡಿನ ಯಾರೋ ಜೋಯಿಸರಲ್ಲಿ ಪ್ರಶ್ನೆ ಕೇಳಿದರಂತೆ.

"ಹೆಸ್ರಿಲ್ದ ಜೀವ ಒಂದ್ ದೋಣಿ ಮೇಲೆ ಕೂಕಂಡಿತ್ತ್ ಅಂಬ್ರ್. ಅದೂ ಹೆಣ್ಣಿನ ಕೈಯಂಗೆ ಬಂದದ್ದ್ ಅಂಬ್ರ್. ಯಾರ್ ಕೈಯಂಗೆ ಬಂತೋ ಅವ್ರ್ ಕೈಯಂಗೇ ಹೋಯ್ಕ್. ನೀನೇ ಬಂದ್ ಅಳ್ಸಿ ಕೊಡ್, ಮತ್ತೆ ದೋಣಿ ರಿಪೇರಿಗೆ ಹೋತ್ತ್."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಾನು ಹಿರಿಯರನ್ನು ಬಿಟ್ಟು ಯಜಮಾನರನ್ನೇ ಕೇಳಿದೆ.

"ಅಣ್ಣಾ, ದೋಣಿ ಎಂತಕ್ಕೆ ಹೊಡ್ದದ್ದ್? ಪ್ರಾಣಿಗಾ, ಕಲ್ಲಿಗಾ?"

"ಕಲ್ಲಿಗೇ. ಆರೆ ಆ ದಿನವೇ ಎಂತಕೆ ಹೊಡಿಕ್? ಅಷ್ಟ್ ವರ್ಷ ಯಾವ್ ದೋಣಿಯೂ ಹೊಡ್ದಿರ್ಲಿಲ್ಲೆ."

"ಅಷ್ಟ್ ವರ್ಷ ಕಲ್ಲ್ ಅಲ್ಲ್ ಇರ್ಲಿಲ್ಲೆ."

ಯಜಮಾನರು ನೆಲ ನೋಡಿದರು. ಅವರು ನೆಲ ನೋಡಿದ್ದು ಯಾಕೆ ಎಂದು ನನಗೆ ಗೊತ್ತಿತ್ತು, ಬಂದ ಇಬ್ಬರಿಗೂ ಗೊತ್ತಿತ್ತು. ಆ ಕಲ್ಲು ಸುರಿದ ಟಿಪ್ಪರ್‌ಗಳು ಅವರ ಹೆಂಡತಿಯ ತಮ್ಮನವು. ಕಲ್ಲಿನ ಮೇಲೆ ತಪ್ಪು ಹೊರಿಸಿದರೆ ಅದು ಹೋಗಿ ಕೂರುವುದು ಭಾವನ ತಲೆಯ ಮೇಲೆ. ನನ್ನ ಪ್ರಾಣಿಗೆ ಭಾವನೂ ಇಲ್ಲ, ಮಾವನೂ ಇಲ್ಲ.

"ದೋಣಿ ನಿಮ್ದ್" ಎಂದೆ. "ಬ್ಯಾಡ ಅಂದ್ರೆ ನೀವೇ ಕೆರ್ದ್ ಹಾಕಿ, ನಾನ್ ಬ್ಯಾಡ ಅಂಬುದಿಲ್ಲೆ. ನನ್ನ ಕೈಯಂಗೆ ಮಾತ್ರ ಅಳ್ಸುದಿಲ್ಲೆ."

ಅವರು ಎದ್ದು ಹೋದರು. ಮೂರು ಲೋಟ ಚಾ ಹಾಗೇ ತಣಿಯಿತು.

ನನ್ನ ಸಿಟ್ಟು ಏನೆಂದು ಹೇಳಿಬಿಡುತ್ತೇನೆ. ಕಾಣದ ಪ್ರಾಣಿ ಅಪಶಕುನವಾದರೆ, ದೇವಸ್ಥಾನದ ಕಂಬದ ಮೇಲೆ ಸೊಂಡಿಲು ಇಟ್ಟುಕೊಂಡು ಕೂತ ಸಿಂಹವನ್ನು ಯಾರು ಕಾಡಿನಲ್ಲಿ ಕಂಡದ್ದು? ದೇವರ ಬೆನ್ನ ಹಿಂದಿನ ಪ್ರಭಾವಳಿಯ ಮಕರ ಯಾವ ಬಲೆಗೆ ಬಿದ್ದಿದೆ? ಸರಕಾರದ ಬಸ್ಸಿನ ಮೇಲೆ, ಸರಕಾರದ ಕಾಗದದ ಮೇಲೆ ಎರಡು ತಲೆಯ ಹಕ್ಕಿ ಇದೆ. ಆ ಕಾಗದ ಮನೆಗೆ ಬಂದಾಗ ಯಾರಾದರೂ ಪ್ರಶ್ನೆ ಕೇಳಲು ಹೋದರೇ? ಕಾಯಿ ಒಡೆದು ಕೈಮುಗಿಯುವ ಮಂಟಪದ ತುಂಬ ಇಲ್ಲದ ಪ್ರಾಣಿ, ಇಲ್ಲದ ಬಳ್ಳಿ. ಅವನ್ನು ಕೆತ್ತಿದವನಿಗೆ ಶಿಲ್ಪಿ ಎನ್ನುತ್ತೇವೆ. ದೋಣಿಯ ಮೇಲೆ ನಾನು ಬರೆದರೆ ಅದು ಹೆಣ್ಣಿನ ಕೈ. ಅಪ್ಪಯ್ಯ ಮೂವತ್ತು ವರ್ಷ ಇಂಥವನ್ನೇ ಬರೆದರು. ಆಗಲೂ ದೋಣಿ ಮಗುಚಿದ್ದುಂಟು, ಜನ ಸತ್ತದ್ದೂ ಉಂಟು. ಒಬ್ಬರೂ ಬಂದು ಬಳ್ಳಿ ಅಳಿಸು ಎನ್ನಲಿಲ್ಲ.

ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿತು. ಬೈಂದೂರಿನಲ್ಲಿ ಒಂದು ಹೊಸಮನೆಯ ಗೋಡೆಗೆ ಮಾತಾಗಿತ್ತು. ಮನೆಯೊಡತಿ ಫೋನು ಮಾಡಿ, "ಈಗ ಬ್ಯಾಡ ಅಕ್ಕ, ಮತ್ತ್ ಕಾಂಬ" ಎಂದರು. ಗಂಗೊಳ್ಳಿಯ ಕಡೆಯ ಒಂದು ದೋಣಿಯವರು ಅದಕ್ಕೂ ಎರಡು ವರ್ಷ ಮೊದಲು ನಾನು ಬರೆದ ಹೂವನ್ನು ಬಿಳಿ ಬಣ್ಣ ಹೊಡೆದು ಮುಚ್ಚಿದರು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ನಾನು ಅಳಿಸುವವರೆಗೆ ದೋಣಿ ರಿಪೇರಿಗೆ ಹೋಗುವುದಿಲ್ಲ ಎಂದು ಯಜಮಾನರು ಹಠ ಹಿಡಿದರು. ನೀಲಿ ಟರ್ಪಾಲು ಹೊದ್ದು ದೋಣಿ ದಡದಲ್ಲಿ ಬಿತ್ತು. ಅದರಲ್ಲಿ ಹೋಗುತ್ತಿದ್ದವರು ಕೆಲಸವಿಲ್ಲದೆ ಕೂತರು. ಈಗ ಅದಕ್ಕೂ ನಾನೇ ಕಾರಣ. ನಾನು ಬಾವಿಯ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ನನ್ನ ಗಂಡ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವರು, ಜಗಳ ಅಂದರೆ ಮಾರು ದೂರ. ಊಟಕ್ಕೆ ಕೂತಾಗ ಮೆಲ್ಲಗೆ ತೆಗೆದರು.

"ಹ್ವಾಯ್, ಸ್ಯಾಂಡ್ ಪೇಪರ್ ತಕಂಡ್ ನಾಲ್ಕ್ ಸಲ ಉಜ್ಜಿರೆ ಮುಗಿತ್ತಲೆ. ಎಂತಕೆ ಇಷ್ಟ್ ಹಠ?"

"ಉಜ್ಜಿರೆ, ಕಾಲ್ ಮುರ್ದದ್ದ್ ನಾನೇ ಅಂತ ನಾನೇ ಬರ್ದ್ ಕೊಟ್ಟಾಂಗೆ ಆತಿಲ್ಯಾ?"

"ಊರಿನವ್ರೊಟ್ಟಿಗೆ ಇರ್ಕಲೆ."

"ಊರಿನವ್ರೂ ನನ್ನೊಟ್ಟಿಗೆ ಇರ್ಕಲೆ."

ಮರುದಿನದಿಂದ ಅವರು, ಐಸ್ ಪ್ಲಾಂಟಿನಲ್ಲಿ ಯಾರಾದರೂ ಆ ಸುದ್ದಿ ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದರಂತೆ. ಅವರಿಂದ ಆಗುವುದು ಅಷ್ಟೇ. ಅಷ್ಟಾದರೂ ಆಯಿತು.

ಪೆಟ್ಟಾದವನನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನಾನು ನೋಡಲು ಹೋದೆ. ಹೋಗುವಾಗ ಹೆದರಿಕೆ ಇತ್ತು. ಅವನೂ ಅವನ ಹೆಂಡತಿಯೂ ನನ್ನನ್ನೇ ದೂರಿದರೆ ಏನು ಮಾಡುವುದು? ಹೆಂಡತಿ ಹೆದ್ದಾರಿಯ ಬದಿಯಲ್ಲಿ ಮೀನು ಮಾರುವವಳು. ಬುಟ್ಟಿ ಖಾಲಿ ಮಾಡಿ ಆಗಷ್ಟೇ ಬಂದಿದ್ದಳು. ಅವನು ಚಾವಡಿಯ ಮಂಚದಲ್ಲಿ ಕಾಲು ನೀಡಿ ಮಲಗಿದ್ದ. ಹೇಗಿದ್ದ ಆಳು, ಒಂದು ತಿಂಗಳಲ್ಲಿ ಅರ್ಧವಾಗಿದ್ದ. ನಾನು ನೇರವಾಗಿ ಕೇಳಿದೆ, "ನಿಂಗೂ ಹಾಂಗೇ ಕಾಣ್ತಾ? ನಾನ್ ಬರ್ದದ್ದರಿಂದ ಆದ್ದಾ?"

"ಇಲ್ಲೆ ಅಕ್ಕ. ನಾನ್ ಮುಂದೆ ಇದ್ದವ. ಅಲೆ ಇಳ್ಸುವತ್ತಿಗೆ ಕಪ್ಪ್ ಕಂಡ್ತ್. ಕಲ್ಲ್ ಅಂತ ಕೂಗ್ದೆ. ಕೂಗಿ ಮುಗುಕೆ ಮೊದ್ಲ್ ಹೊಡ್ದಾಯ್ತ್."

"ಹಾಂಗಾರೆ ಅದನ್ನ್ ನಾಲ್ಕ್ ಜನರೆದ್ರ್ ಹೇಳ್."

ಅವನು ಗೋಡೆಯ ಕಡೆ ತಿರುಗಿದ. "ನೀರಿಂದ ಹೊತ್ಕಂಡ್ ಬಂದದ್ದ್ ಅಣ್ಣ. ನಾಳೆ ಕಾಲ್ ಸರಿಯಾರೆ ದೋಣಿಗೆ ಕರೂದೂ ಅಣ್ಣ. ನಾನ್ ಹ್ಯಾಂಗ್ ಹೇಳುದ್ ಅಕ್ಕ?"

ನನಗೆ ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಪ್ರಾಣ ಉಳಿಸಿದವನ ಎದುರು ಸಾಕ್ಷಿ ಹೇಳು ಎನ್ನಲು ನಾನು ಯಾರು? ಆದರೆ ಬುಟ್ಟಿ ತೊಳೆಯುತ್ತಿದ್ದ ಹೆಂಡತಿ ಕೈ ಒರೆಸಿಕೊಂಡು ಎದ್ದು ಬಂದಳು.

"ನೀವ್ ಹೇಳ್ಬ್ಯಾಡಿ. ಆ ಕಲ್ಲ್ ಇನ್ನೂ ಅಲ್ಲೇ ಇತ್ತ್, ನಾಳೆ ಮತ್ತೊಬ್ರ ಕಾಲ್ ಹೋತ್ತ್. ಅಕ್ಕ, ಎಂತ ಮಾಡ್ಕ್ ಹೇಳಿ. ನಾನ್ ಬತ್ತೆ."

ಅವಳು ಹಾಗೆ ಕೇಳುವವರೆಗೆ ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಅಳಿಸುವುದಿಲ್ಲ ಎಂದು ಹಠ ಹಿಡಿದು ಕೂತದ್ದು ಬಿಟ್ಟರೆ ನಾನು ಏನೂ ಮಾಡಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ನನಗೆ ಬರುವ ಕೆಲಸ ಒಂದೇ.

ಅಮಾವಾಸ್ಯೆಯ ಹತ್ತಿರ ಕಡಲು ತುಂಬ ಇಳಿಯುತ್ತದೆ. ಅಂಥ ಒಂದು ಬೆಳಿಗ್ಗೆ ನಾವಿಬ್ಬರೂ ಸೀರೆ ಮೇಲೆ ಕಟ್ಟಿ, ಗೋಡೆಯ ಕಲ್ಲುಗಳ ಮೇಲೆ ಕೂತು ಜಾರಿ ಇಳಿದೆವು. ಬಂಡೆಯವರೆಗೆ ಸೊಂಟದ ಮಟ್ಟದ ನೀರು. ಅವಳ ತಲೆಯ ಮೇಲೆ ಮೀನಿನ ಬುಟ್ಟಿ, ಬುಟ್ಟಿಯಲ್ಲಿ ನನ್ನ ಡಬ್ಬಿಗಳು. ಮೊದಲು ತಂತಿ ಬ್ರಷ್ಷಿನಲ್ಲಿ ಪಾಚಿ, ಚಿಪ್ಪು ಎಲ್ಲ ಕೆರೆದೆವು. ಒದ್ದೆ ಕಲ್ಲಿಗೆ ಸಾಮಾನ್ಯ ಬಣ್ಣ ಹಿಡಿಯುವುದಿಲ್ಲ. ಅದೇ ದೋಣಿಗೆ ತಂದು ಉಳಿದ, ಹಾರ್ಡನರ್ ಬೆರೆಸುವ ಬಣ್ಣ ನನ್ನಲ್ಲಿತ್ತು. ಬಟ್ಟೆಯಲ್ಲಿ ಒರೆಸಿ ಒರೆಸಿ, ಬಿಸಿಲಿಗೆ ಬಿಟ್ಟು, ಮೊದಲು ಹಳದಿ ಕೊಟ್ಟೆ. ಬಂಡೆಯ ಬೆನ್ನು ಪೂರ್ತಿ ಹಳದಿಯಾಯಿತು.

ಅವಳು ಕೇಳಿದಳು, "ಎಂತ ಬರೀತ್ರಿ ಅಕ್ಕ? ನಿಮ್ಮ ಪ್ರಾಣಿಯಾ?"

"ಅಲ್ಲ. ಇದ್ಕೆ ಹೆಸ್ರ್ ಇತ್ತಲೆ."

ಕೆಂಪು ಬಣ್ಣದಲ್ಲಿ, ನನ್ನ ತೋಳಿನಷ್ಟು ಎತ್ತರದ ಅಕ್ಷರದಲ್ಲಿ ಬರೆದೆ: ಕಲ್ಲು.

ನಲವತ್ತು ವರ್ಷ ಬ್ರಷ್ ಹಿಡಿದಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ, ಅದರ ಮೈಮೇಲೆಯೇ ಬರೆದದ್ದು ಅದೊಂದು ಸಲ. ಹೂ ಇಲ್ಲ, ಬಳ್ಳಿ ಇಲ್ಲ. ನಾಚಿಕೆಗೇಡು ಎನಿಸಿತು ನನಗೆ. ಬರೆದ ನನ್ನ ಬಗ್ಗೆ ಅಲ್ಲ. ಇಷ್ಟು ದೊಡ್ಡ ವಸ್ತುವಿಗೆ ಹೆಸರು ಬರೆದು ತೋರಿಸಬೇಕಾಗಿ ಬಂತಲ್ಲ, ಅದರ ಬಗ್ಗೆ.

ಅಷ್ಟು ಹೊತ್ತಿಗೆ ದಡದಲ್ಲಿ ಜನ ಸೇರಿತ್ತು. ಹೆದ್ದಾರಿಯಲ್ಲಿ ಹೋಗುವ ಕಾರುಗಳೂ ನಿಂತವು. ಕಲ್ಲಿನ ಕೆಲಸ ನೋಡಿಕೊಳ್ಳುವ ಒಬ್ಬ ಗೋಡೆಯ ಮೇಲಿನಿಂದ ಕೂಗಿದ.

"ಹ್ವಾಯ್! ಅಲ್ಲೆಂತ ಮಾಡ್ತಿದ್ರಿ? ಅದ್ ಸರ್ಕಾರದ್ ಕಲ್ಲ್!"

ಉತ್ತರ ಕೊಟ್ಟದ್ದು ನಾನಲ್ಲ, ಮೀನು ಮಾರುವವಳು. ಹೆದ್ದಾರಿಯ ಬಸ್ಸಿನ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು ಅದು. "ಸರ್ಕಾರದ್ದಾರೆ ತಕಂಡ್ ಹೋಯ್ನಿ! ನನ್ನ ಗಂಡನ್ ಕಾಲ್ ಮುರ್ದದ್ದ್ ಇದೇ! ಬ್ಯಾರೆ ಯಾವ್ದೂ ಅಲ್ಲ!"

ದಡದಲ್ಲಿದ್ದವರಲ್ಲಿ ಯಾರೋ ನಕ್ಕರು. ಯಾರೋ "ಸುಮ್ನಿರಿ" ಎಂದರು. ಆ ದೋಣಿಯಲ್ಲಿ ಹೋಗುತ್ತಿದ್ದ ಒಬ್ಬ ಮಾತ್ರ ಮುಂದೆ ಬಂದು, "ಹೌದ್, ಕಲ್ಲೇ" ಎಂದ. ಗಟ್ಟಿಯಾಗಿ ಅಲ್ಲ, ಆದರೆ ಕೇಳಿತು. ಯಜಮಾನರೂ ಅಲ್ಲಿ ನಿಂತಿದ್ದರು. ಅವರು ತಿರುಗಿ ಮನೆಗೆ ಹೋದರು.

ಹಳದಿ ಕಲ್ಲಿನ ಫೋಟೊ ಆವತ್ತೇ ಊರೂರಿನ ಮೊಬೈಲಿಗೆ ಹೋಯಿತು. ಸಾಲಿಗ್ರಾಮದಲ್ಲಿರುವ ನನ್ನ ಅತ್ತಿಗೆಗೂ ಬಂತಂತೆ, ಅದು ನಾನು ಬರೆದದ್ದೆಂದು ತಿಳಿಯದೆ ನನಗೇ ಕಳಿಸಿದಳು. ವಾರದೊಳಗೆ ಜೀಪು ಬಂತು, ಅಧಿಕಾರಿಗಳು ಬಂದು ದಡದಲ್ಲೇ ನಿಂತು ನೋಡಿ ಹೋದರು. ಇನ್ನೊಂದು ವಾರಕ್ಕೆ ಕ್ರೇನು ಬಂತು. ಮೂರು ತಿಂಗಳು ಹೇಳಿದರೂ ಆಗದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಬಂಡೆಯನ್ನು ಎತ್ತಿ ಗೋಡೆಯ ಮೇಲೆ ಅಡ್ಡ ಮಲಗಿಸಿದರು. ಈಗಲೂ ಅಲ್ಲೇ ಇದೆ, ಅಕ್ಷರ ಓದಬೇಕಾದರೆ ಕುತ್ತಿಗೆ ಓರೆ ಮಾಡಬೇಕು.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಂಡರೆ ತಪ್ಪು. ಕಲ್ಲು ಎತ್ತಿದ ಮೇಲೆ ಪ್ರಾಣಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ತಪ್ಪಾಯಿತು ಎಂದು ಒಬ್ಬರೂ ಬಂದು ಹೇಳಲಿಲ್ಲ. ಬಂದಿದ್ದ ಇಬ್ಬರು ಹಿರಿಯರು ದಾರಿಯಲ್ಲಿ ಸಿಕ್ಕಿದರೆ ಮಳೆಯ ಮಾತು, ಮೀನಿನ ಮಾತು ಆಡುತ್ತಿದ್ದರು. ಯಜಮಾನರು ಬ್ರಹ್ಮಾವರದಿಂದ ಸ್ಟಿಕ್ಕರ್ ಅಂಟಿಸುವವನನ್ನು ಕರೆಸಿದರು. ಅವನು ಒಂದು ಮೆಷಿನ್ ತಂದು, ನನ್ನ ಎಂಟು ದಿನದ ಕೆಲಸವನ್ನು ಒಂದು ಬೆಳಿಗ್ಗೆ ಉಜ್ಜಿ ತೆಗೆದು ಹಾರುವ ಡಾಲ್ಫಿನ್ ಅಂಟಿಸಿದ. ಯಾರ ಕೈಯಿಂದ ಬಂತೋ ಅವರ ಕೈಯಿಂದಲೇ ಹೋಗಬೇಕು ಎಂಬ ಶಾಸ್ತ್ರ ಆಗ ಎಲ್ಲಿ ಹೋಯಿತು? ದೋಣಿ ರಿಪೇರಿಯಾಗಿ ಕಡಲಿಗೆ ಹೋಯಿತು, ಮೀನೂ ತಂದಿತು. ಅದನ್ನು ಉಜ್ಜುವಾಗ ನಾನು ನೋಡಲು ಹೋಗಲಿಲ್ಲ. ಮೆಷಿನ್ನಿನ ಸದ್ದು ಮಾತ್ರ ಮನೆಯವರೆಗೆ ಕೇಳುತ್ತಿತ್ತು. ಗಂಡ ಆ ದಿನ ಕೆಲಸಕ್ಕೆ ಹೋಗದೆ ಮನೆಯಲ್ಲೇ ಕೂತರು. ಮಧ್ಯಾಹ್ನ ಅವರೇ ಗಂಜಿ ಬಡಿಸಿ, "ಉಣ್ಣ್" ಎಂದರು.

ಪೆಟ್ಟಾದವನು ಈಗ ಕುಂಟುತ್ತಾನೆ. ಕಡಲಿಗೆ ಹೋಗಲು ಆಗುವುದಿಲ್ಲ, ದಡದಲ್ಲಿ ಕೂತು ಬಲೆ ಕಟ್ಟುತ್ತಾನೆ. ಚೆನ್ನಾಗಿಯೇ ಕಟ್ಟುತ್ತಾನೆ. ಅವನ ಹೆಂಡತಿಯೂ ನಾನೂ ಅಕ್ಕತಂಗಿಯರ ಹಾಗೆ ಆಗಿದ್ದೇವೆ. ಬೈಂದೂರಿನ ಮನೆಯೊಡತಿ ವರ್ಷ ಕಳೆದ ಮೇಲೆ ಮತ್ತೆ ಫೋನು ಮಾಡಿದರು, ಹೋಗಿ ಗೋಡೆ ಬರೆದು ಬಂದೆ. ಕೆಲಸ ಮೊದಲಿನಷ್ಟು ಇಲ್ಲ. ಇಲ್ಲವೇ ಇಲ್ಲ ಎಂದೂ ಅಲ್ಲ.

ಈ ಬೇಸಿಗೆಯಲ್ಲಿ ಯಜಮಾನರು ಮನೆಗೆ ಬಂದರು. ಒಬ್ಬರೇ. ಚಾ ಕುಡಿದರು.

"ತಂಗಿ, ಮಗಳ್ ಮದಿ ಇತ್ತ್. ಮದಿಮನಿ ಗ್ವಾಡಿ ಮೇಲೆ ಎಂತಾರೂ ಬರ್ದ್ ಕೊಡ್ಕ್. ನಿನ್ನಾಂಗೆ ಬರಿಯುವವ್ರ್ ಯಾರಿದ್ರ್?"

ಆ ಹುಡುಗಿ ಚಿಕ್ಕವಳಿದ್ದಾಗ ನನ್ನ ಬಣ್ಣದ ಡಬ್ಬಿಯ ಹತ್ತಿರ ಕೂತು ಆಡಿದವಳು. ಇಲ್ಲ ಎನ್ನಲು ಕಷ್ಟವಾಯಿತು. ಆದರೂ ಹೇಳಿದೆ.

"ಬರೀತೆ ಅಣ್ಣ. ಒಂದೇ ಮಾತ್. ಆವತ್ತ್ ಕರ್ಕಂಡ್ ಬಂದ್ರಲೆ ಇಬ್ರನ್ನ್, ಅವ್ರೆದ್ರ್ ಹೇಳಿ, ಕಾಲ್ ಮುರ್ದದ್ದ್ ಕಲ್ಲ್ ಅಂತ."

"ಹಳೆ ಸಂಗ್ತಿ ಈಗ ಎಂತಕೆ ತೆಗಿತೆ?"

"ಹಳೇದಾರೆ ಹೇಳುಕೆ ಸುಲ್ಭ ಅಲ್ದಾ?"

ಅವರು ಲೋಟ ಕೆಳಗಿಟ್ಟರು. ಹೇಳುತ್ತಾರೇನೋ ಎಂದು ನಾನು ಕಾದೆ, ಸುಳ್ಳು ಹೇಳುವುದಿಲ್ಲ, ಆಸೆಯಿಂದಲೇ ಕಾದೆ. ಅವರು ಕೆಟ್ಟವರಲ್ಲ, ಜೀವದ ಹಂಗು ಬಿಟ್ಟು ನೀರಿಗೆ ಹಾರಿದವರು. ಅಲೆಗೆ ಹೆದರದ ಮನುಷ್ಯ ಭಾವನಿಗೆ ಹೆದರಿದರು. ಕೊನೆಗೆ "ಆಯ್ತ್, ಕಾಂಬ" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಅವರು ಹೇಳಲಿಲ್ಲ, ನಾನು ಬರೆಯಲಿಲ್ಲ. ಮದುವೆಗೆ ಮಾತ್ರ ನಾನೂ ಗಂಡನೂ ಹೋಗಿ ಊಟ ಮಾಡಿ ಬಂದೆವು. ಮದುಮಗಳು ನನ್ನ ಕೈ ಹಿಡಿದು, "ನೀವ್ ಎಂತಕೆ ಬರೀಲಿಲ್ಲೆ?" ಎಂದು ಕೇಳಿದಳು. "ನಿನ್ನ ಅಪ್ಪಯ್ಯನತ್ರ ಕೇಳ್" ಎಂದೆ. ಅವಳು ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಕೇಳಲಿ ಎಂದು ನನ್ನ ಆಸೆ.